ಒಂದಡಿ ಹಿಂದೆ ನಿಂತವಳು

ಫಳ್ನೀರ್, ಮಂಗಳೂರು
ಭಾನುವಾರ, 9 ಫೆಬ್ರವರಿ 2025

ಇವರಿಗೆ,

ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕಾಗದದ ತಲೆಯ ಮೇಲೆ ‘ವಿಶ್ವೇಶ’ ಎಂದು ಬರೆಯಲು ಕೈ ಬರಲಿಲ್ಲ. ‘ಪ್ರೀತಿಯ’ ಎಂದು ಬರೆಯೋಣವೆಂದರೆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಹಾಗಾಗಿ ಅಕ್ಕನ ಹತ್ತಿರ ನಿಮ್ಮನ್ನು ಬೈಯುವಾಗ ಹೇಳುವ ಹಾಗೆ ‘ಇವರು’ ಎಂದೇ ಬರೆದಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಸುಮ್ಮನಿರುತ್ತೀರಿ, ನೀವು ಸುಮ್ಮನಿದ್ದರೆ ನಾನು ಬಾಯಿಗೆ ಬಂದದ್ದೆಲ್ಲ ಹೇಳಿಬಿಡುತ್ತೇನೆ.

ನಿಮ್ಮ ಮಗಳು ಮಾನ್ಯಾ ಹಾಸ್ಟೆಲಿನಿಂದ ಬರುವಾಗ ದೇರೆಬೈಲಿನ ನಮ್ಮ ಮನೆಗೆ ಹೋಗಿ ನಿಮ್ಮ ಚೀಟಿಯನ್ನೂ ಕ್ಯಾಮೆರಾದ ಚೀಲವನ್ನೂ ತಂದುಕೊಟ್ಟಳು. ಹುಬ್ಬಳ್ಳಿಗೆ ವರ್ಗ ಆಗಿದೆ, ಬ್ಯಾಂಕಿನ ವಸತಿಗೆ ಅರ್ಜಿ ತುಂಬಬೇಕು, ಒಬ್ಬರಿಗೋ ಸಂಸಾರಕ್ಕೋ ಎಂದು ಕೇಳಿದ್ದಾರೆ, ಹದಿನೈದನೇ ತಾರೀಕಿನೊಳಗೆ ನೀನು ಹೇಳಿದ ಹಾಗೆ ಬರೆಯುತ್ತೇನೆ ಎಂದಿದ್ದೀರಿ. ನನ್ನ ಮದುವೆಯ ಗತಿ ಒಂದು ಅರ್ಜಿಯ ಖಾಲಿ ಗೆರೆಯಲ್ಲಿ ಬಂದು ಕೂತಿದೆ ಎಂದು ಅಕ್ಕನಿಗೆ ಹೇಳಿ ಅತ್ತುಬಿಟ್ಟೆ. ಕೆಳಗೆ ಇನ್ನೊಂದು ಸಾಲು ಇತ್ತು: ‘ಈ ಕ್ಯಾಮೆರಾದಿಂದಲೇ ಎಲ್ಲ ಆದದ್ದು, ಮಾರು, ಇಟ್ಟುಕೋ, ಸಮುದ್ರಕ್ಕೆ ಹಾಕು.’ ಆ ಸಾಲು ಓದಿ ಮಾತ್ರ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಅದನ್ನು ಲೆನ್ಸು ಸಮೇತ ಮಾರಿಯೇ ಬಿಡುತ್ತೇನೆ ಎಂದುಕೊಂಡೆ.

ನನಗೆ ಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು ಶಶಿಪ್ರಭಾಳ ಮೇಲಲ್ಲ, ಆ ಲೆನ್ಸಿನ ಮೇಲೆ. ಮಾವ ಹೋದ ಮೇಲೆ ಅವರ ಕಪಾಟಿನಲ್ಲಿ ಸಿಕ್ಕಿತಲ್ಲ, ಅತ್ತೆ ಹುರಿದ ಅಕ್ಕಿಯ ಪೊಟ್ಟಣದ ಜೊತೆ ಸ್ಟೀಲಿನ ಡಬ್ಬಿಯಲ್ಲಿ, ಗಾಜಿಗೆ ತೇವದ ಬೂಸ್ಟು ಬಾರದ ಹಾಗೆ ಇಟ್ಟಿದ್ದರು. ಮಾವ ಯಜ್ಞನಾರಾಯಣ ಭಟ್ಟರು ಉಪನಯನ ಮಾಡಿಸಲು ಹೋದಲ್ಲಿ ಹೋಮದ ಹೊಗೆಗೆ ಕಣ್ಣು ಕೆಂಪಾಗಿದ್ದರೂ ವಟುವಿನ ಫೋಟೋ ತಾವೇ ತೆಗೆಯುತ್ತಿದ್ದರು ಎಂಬ ಕಥೆ ನನಗೂ ಬಾಯಿಪಾಠ. ರೀಲಿನ ಕ್ಯಾಮೆರಾ ಕೆಟ್ಟುಹೋಗಿತ್ತು, ಲೆನ್ಸು ಗಟ್ಟಿಯಾಗಿತ್ತು. ನೀವು ನಡುವೆ ಹಾಕುವ ಲೋಹದ ಬಳೆಯೊಂದನ್ನು ತರಿಸಿ ಲೆನ್ಸನ್ನು ನಿಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿದಿರಿ. ಅಪ್ಪ ನೋಡಿದ ಗಾಜಿನಲ್ಲಿ ನಾನೂ ನೋಡ್ತೇನೆ ಮಾರಾಯ್ತಿ ಎಂದಿರಿ. ಆಮೇಲೆ ಮೂರು ವಾರ ನುಗ್ಗೆಮರ ನೋಡಿದಿರಿ, ಬಾವಿಯ ರಾಟೆ ನೋಡಿದಿರಿ, ಬೆಕ್ಕನ್ನು ನೋಡಿದಿರಿ. ಕಾಫಿ ಹಿಡಿದು ಎದುರು ನಿಂತವಳಿಗೆ ಸ್ವಲ್ಪ ಬದಿಗೆ ನಿಲ್ಲು, ಬೆಳಕಿಗೆ ಅಡ್ಡ ಆಗ್ತದೆ ಎಂದಿರಿ.

ಅಷ್ಟರಲ್ಲಿ ಶಶಿಪ್ರಭಾ ಬಂದಳು. ನಿಮ್ಮ ಬ್ಯಾಂಕಿಗೆ ಹೊಸದಾಗಿ ಬಂದವಳು, ಪಕ್ಕದ ಮನೆ ಬಾಡಿಗೆಗೆ ಹಿಡಿದವಳು. ಹಬ್ಬದ ದಿನ ಒಬ್ಬಳೇ ಎಂತ ಮಾಡ್ತಾಳೆ ಪಾಪ ಎಂದು ಊಟಕ್ಕೆ ಕರೆದದ್ದು ನಾನೇ. ಚೌತಿಯ ದಿನ ಬಂದವಳು ಪಾಯಸಕ್ಕೆ ಕೈ ಹಾಕುವ ಮೊದಲೇ, ಸರ್, ಇದು ಎಂತ ಲೆನ್ಸ್, ಫಿಲ್ಮ್ ಕಾಲದ್ದಾ, ಇದಕ್ಕೆ ಆಟೋಫೋಕಸ್ ಇಲ್ಲ ಅಲ್ವಾ ಎಂದು ಕೇಳಿದಳು. ನಿಮ್ಮ ಮುಖ ಊದಿದ ಪೂರಿಯ ಹಾಗಾಯಿತು. ಈ ಲೆನ್ಸಿಗೆ ತಾನಾಗಿ ಏನೂ ಬರುವುದಿಲ್ಲ, ಕಣ್ಣಿಟ್ಟು ಉಂಗುರ ತಿರುಗಿಸಿ ನಮಗೆ ಯಾರು ಬೇಕೋ ಅವರ ಮೇಲೆ ನಿಲ್ಲಿಸಬೇಕು, ಅವರೊಬ್ಬರೇ ಸ್ಪಷ್ಟ, ಹಿಂದೆ ಮುಂದೆ ಇದ್ದವರೆಲ್ಲ ಮಸುಕು, ಅದೇ ಇದರ ಚಂದ ಎಂದು ಅರ್ಧ ಗಂಟೆ ಹೇಳಿದಿರಿ. ಪಾಯಸಕ್ಕೆ ಕೆನೆ ಕಟ್ಟಿತು. ನಾನು ಬಡಿಸುವ ಸೌಟು ಹಿಡಿದು ನಿಂತು ಒಂದೊಂದು ಮಾತೂ ಕೇಳಿಸಿಕೊಂಡೆ. ನಮಗೆ ಯಾರು ಬೇಕೋ ಅವರು.

ಅದೇ ಚೌತಿಯ ಫೋಟೋ ನೋಡಿದೆ. ಮೋದಕದ ತಟ್ಟೆ ಹಿಡಿದು ನಡುವೆ ನಾನು, ಮುಖ ಹೊಗೆಯಲ್ಲಿ ಅದ್ದಿದ ಹಾಗೆ. ನನ್ನ ಹೆಗಲ ಹಿಂದೆ ಶಶಿಪ್ರಭಾ, ಅವಳ ಓಲೆಯ ಹರಳು ಎಣಿಸಬಹುದು. ನವರಾತ್ರಿಯಲ್ಲಿ ಹೊಸಕ್ಕಿ ಊಟದ ಫೋಟೋ: ನಾನು ಅನ್ನ ಬಡಿಸುತ್ತಿದ್ದೇನೆ, ಮೂಗು ಎಲ್ಲಿ ಬಾಯಿ ಎಲ್ಲಿ ಗೊತ್ತಾಗುವುದಿಲ್ಲ. ಹಿಂದೆ ಸಾರಿನ ಪಾತ್ರೆ ಹಿಡಿದ ಅವಳ ಹುಬ್ಬಿನ ಕೂದಲು ಕೂಡ ಕಾಣುತ್ತದೆ. ದೀಪಾವಳಿಯಲ್ಲಿ ನಾನು ಮೆಟ್ಟಿಲ ಮೇಲೆ ಹಣತೆ ಇಡುತ್ತಿದ್ದೇನೆ, ಬಾಗಿಲಲ್ಲಿ ಅವಳು. ಹಣತೆಯೂ ಮಸುಕು, ನಾನೂ ಮಸುಕು, ಅವಳು ಮಾತ್ರ ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ ಲಕ್ಷ್ಮಿ. ನಾನು ಕೇಳಿದಾಗ ನೀವು, ಫೋಕಸ್ ತಪ್ಪಿದೆ ಮಾರಾಯ್ತಿ, ಲೆನ್ಸಿಗೆ ವಯಸ್ಸಾಯ್ತು, ನನ್ನ ಕಣ್ಣಿಗೂ ಆಯ್ತು ಎಂದಿರಿ. ತಪ್ಪಿದ ಫೋಕಸ್ ಮೂರು ಸಲವೂ ಹೋಗಿ ಅವಳ ಮುಖದ ಮೇಲೇ ಕೂತುಕೊಳ್ತದಾ ಎಂದು ನಾನು ಕೇಳಿದೆ. ನೀವು ಕನ್ನಡಕ ತೆಗೆದು ಒರೆಸತೊಡಗಿದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ನನಗೆ.

ತುಳಸಿಪೂಜೆಯ ಮರುದಿನ ನಾನು ಅಕ್ಕನ ಮನೆಗೆ ಬಂದೆ. ಬರುವ ಮೊದಲು ಶಶಿಪ್ರಭಾ ಚಕ್ಕುಲಿ ತಂದ ಡಬ್ಬಿಯನ್ನು ಅವಳ ಬಾಗಿಲಿಗೆ ಹೋಗಿ ಹಿಂದಕ್ಕೆ ಕೊಟ್ಟೆ, ಬರಿದೇ ಕೊಟ್ಟೆ. ನಮ್ಮಲ್ಲಿ ಪಕ್ಕದ ಮನೆಯ ಪಾತ್ರೆಯನ್ನು ಯಾರೂ ಬರಿದು ಮಾಡಿ ಕೊಡುವುದಿಲ್ಲ, ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ ಆದರೂ ಹಾಕುತ್ತಾರೆ. ಅವಳು ಮುಚ್ಚಳ ತೆಗೆದು ಒಳಗೆ ನೋಡಿದಳು, ನನ್ನನ್ನು ನೋಡಿದಳು. ಮರುತಿಂಗಳು ಆ ಮನೆ ಬಿಟ್ಟಳಂತೆ. ಅತ್ತೆ ಫೋನಿನಲ್ಲಿ ಹೇಳಿದಾಗ ನನಗೆ ಆದದ್ದು ಸಂತೋಷವೇ.

ಈಗ ಮೊನ್ನೆಯ ಗುರುವಾರಕ್ಕೆ ಬರುತ್ತೇನೆ. ಇಲ್ಲಿ ಫಳ್ನೀರಿನಲ್ಲಿ, ಔಷಧಿ ಅಂಗಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಬಶೀರ್ ಎನ್ನುವವರು ಕ್ಯಾಮೆರಾ ರಿಪೇರಿ ಮಾಡುತ್ತಾರೆ. ಹಳೆಯದನ್ನು ಕೊಳ್ಳುತ್ತಾರೆ ಎಂದು ಅಕ್ಕ ಹೇಳಿದ್ದಳು. ಚೀಲ ಅವರ ಮೇಜಿನ ಮೇಲಿಟ್ಟು, ಇದನ್ನು ತೆಕ್ಕೊಳ್ಳಿ, ನನಗೆ ಬೇಡ ಎಂದೆ. ಅವರು ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಂಗಳೂರಿನ ಹವೆಯಲ್ಲಿ ಇಷ್ಟು ಹಳೆಯ ಲೆನ್ಸು ಒಂದು ಚುಕ್ಕೆ ಬೂಸ್ಟು ಇಲ್ಲದೆ ನಾನು ನೋಡಿದ್ದೇ ಇಲ್ಲ, ಯಾರೋ ಜೀವ ಇಟ್ಟು ಸಾಕಿದ್ದಾರೆ ಎಂದರು. ಗಾಜು ಸರಿ ಇದ್ದರೆ ಫೋಟೋ ಯಾಕೆ ಮಸುಕು ಬರ್ತದೆ, ಅದು ತೆಗೆಯುವವರ ಗುಣ ಎಂದೆ ನಾನು. ಅವರು ನಕ್ಕರು. ಪರೀಕ್ಷೆ ಮಾಡುವ ಎಂದು ಹಳೆಯ ಬ್ಯಾಟರಿಗಳನ್ನು ಮೇಜಿನ ಮೇಲೆ ಓರೆಯಾಗಿ ಸಾಲು ನಿಲ್ಲಿಸಿದರು.

ಮೂರನೆಯ ಬ್ಯಾಟರಿಯ ಮೇಲೆ ನಿಲ್ಲಿಸಿದ್ದೇನೆ ಎಂದು ನನಗೂ ಕಣ್ಣಿಟ್ಟು ನೋಡಲು ಕೊಟ್ಟರು. ಹೌದು, ಮೂರನೆಯದರ ಅಕ್ಷರ ಕಡೆದ ಹಾಗೆ ಕಂಡಿತು. ಕ್ಲಿಕ್ ಮಾಡಿ ಹಿಂದಿನ ಪರದೆಯಲ್ಲಿ ತೋರಿಸಿದರು. ಮೂರನೆಯದು ಮಸುಕು, ಐದನೆಯದು ಸ್ಪಷ್ಟ. ಮತ್ತೊಮ್ಮೆ ತೆಗೆದರು. ಮತ್ತೆ ಐದನೆಯದು. ನಾನೇ ಉಂಗುರ ತಿರುಗಿಸಿ, ಉಸಿರು ಹಿಡಿದು ಎರಡನೆಯದನ್ನು ತೆಗೆದೆ. ನಾಲ್ಕನೆಯದು ಬಂತು. ಬಶೀರ್ ನನ್ನ ಕಡೆಗೆ ಸ್ಟೂಲು ತಳ್ಳಿದರು.

ಅವರು ಬಿಡಿಸಿ ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ. ಕ್ಯಾಮೆರಾದೊಳಗೆ ಕನ್ನಡಿಯ ಮೇಲುಗಡೆ ಒಂದು ಸಣ್ಣ ಮಸುಕು ಗಾಜು ಉಂಟಂತೆ. ನಾವು ಕಣ್ಣಿಟ್ಟು ನೋಡುವುದು ಅದರ ಮೇಲೆ ಮೂಡಿದ ಚಿತ್ರವನ್ನು. ಆ ಗಾಜಿನ ಬೆನ್ನಿಗೆ ಕಾಗದದಷ್ಟು ತೆಳುವಾದ ಒಂದು ಲೋಹದ ಚೌಕಟ್ಟು ಇರಬೇಕು, ಇದರಲ್ಲಿ ಇಲ್ಲ. ಹಾಗಾಗಿ ಗಾಜು ಕೂದಲೆಳೆಯಷ್ಟು ಮೇಲಕ್ಕೆ ಕೂತಿದೆ. ಕಣ್ಣಿಗೆ ಎದುರಿದ್ದವರು ಸರಿಯಾಗಿ ಕಂಡರೂ ಫೋಟೋದಲ್ಲಿ ಫೋಕಸ್ ಅವರ ಹಿಂದಕ್ಕೆ ಹೋಗುತ್ತದೆ, ದೂರ ನಿಂತು ತೆಗೆದರೆ ಒಂದಡಿಯಷ್ಟು ಹಿಂದಕ್ಕೆ. ಹೊಸ ಲೆನ್ಸುಗಳು ತಾವೇ ಫೋಕಸ್ ಮಾಡಿಕೊಳ್ಳುತ್ತವೆ, ಆ ಗಾಜನ್ನು ಕೇಳುವುದೇ ಇಲ್ಲ, ಅದಕ್ಕೇ ಅವುಗಳಲ್ಲಿ ತಪ್ಪು ಗೊತ್ತಾಗಲಿಲ್ಲ. ಇದನ್ನು ಯಾರೋ ಬಿಚ್ಚಿದ್ದಾರೆ ಎಂದರು. ನೀವೇ ಯಾವಾಗಲೋ ಒರೆಸಲು ಹೋಗಿ ಬಿಚ್ಚಿರಬೇಕು. ನಾನಂತೂ ನಿಮ್ಮ ಕ್ಯಾಮೆರಾ ಮುಟ್ಟಿದವಳಲ್ಲ, ನಿಮಗೇ ಗೊತ್ತುಂಟು.

ಚೀಲವನ್ನು ಮಾರದೆ ವಾಪಸು ತಂದೆ. ನಿನ್ನೆ ಮಾನ್ಯಾಳನ್ನು ಕೂರಿಸಿಕೊಂಡು ಆ ಲೆನ್ಸಿನಲ್ಲಿ ತೆಗೆದ ಎಲ್ಲ ಫೋಟೋಗಳನ್ನೂ ಕಂಪ್ಯೂಟರಿನಲ್ಲಿ ನೋಡಿದೆ. ಇಷ್ಟು ದಿನ ನಾನು ಮೂರನ್ನೇ ನೋಡಿದ್ದು, ಅದನ್ನೇ ನೂರು ಸಲ ನೋಡಿದ್ದು. ಅತ್ತೆ ಹೂ ಕಟ್ಟುವ ಫೋಟೋದಲ್ಲಿ ಅತ್ತೆಯ ಮುಖ ಮಸುಕು, ಹಿಂದಿನ ಗೋಡೆಯ ಪಂಚಾಂಗದ ತಿಥಿ ಓದಬಹುದು. ಬೆಕ್ಕು ಮಸುಕು, ಬಾವಿಯ ಹಗ್ಗ ಸ್ಪಷ್ಟ. ಮಾನ್ಯಾಳ ಹುಟ್ಟುಹಬ್ಬದ ಫೋಟೋದಲ್ಲಿ ಮಗಳು ಮಸುಕು, ಹಿಂದೆ ಒಣಹಾಕಿದ ನಿಮ್ಮ ಮೈ ಒರೆಸುವ ಬೈರಾಸು ಸ್ಪಷ್ಟ. ಇವರಿಗೆ ಆ ಪಂಚಾಂಗದ ಮೇಲೆ ಮನಸ್ಸಾಗಿದೆ, ಹಗ್ಗದ ಹಿಂದೆ ಬಿದ್ದಿದ್ದಾರೆ ಎಂದು ನನಗೆ ಯಾಕೆ ಅನ್ನಿಸಲಿಲ್ಲ ಹೇಳಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನನ್ನ ಅಮ್ಮ ಬೇರೆಯವರಿಗೆ ಹೇಳುತ್ತಿದ್ದಳು, ಮಗಳಿಗೂ ಒಂದು ಸಲ ಹೇಳಬಹುದಿತ್ತು.

ಆಮೇಲೆ ಮಾನ್ಯಾ ಒಂದು ಲೆಕ್ಕ ಹೇಳಿದಳು. ಚೌತಿಯಿಂದ ಆಚೆಗೆ ತೆಗೆದ ನೂರ ಎಂಬತ್ತು ಫೋಟೋಗಳಲ್ಲಿ ತೊಂಬತ್ತಾರರಲ್ಲಿ ನಡುವೆ ಇದ್ದದ್ದು ನಾನು. ಕಾಯಿ ತುರಿಯುವಾಗ, ಬಟ್ಟೆ ಹಿಂಡುವಾಗ, ಕಿಟಕಿಯ ಹತ್ತಿರ ಕೂತು ಬ್ಲೌಸಿಗೆ ಹುಕ್ಕು ಹಾಕುವಾಗ. ಎಲ್ಲದರಲ್ಲೂ ಮಸುಕು. ಪಪ್ಪ ನಿನ್ನನ್ನೇ ಹುಡುಕಿ ಹುಡುಕಿ ತೆಗೆದಿದ್ದಾರಲ್ಲ ಅಮ್ಮ, ಒಂದರಲ್ಲೂ ನೀನು ಸಿಗಲಿಲ್ಲ ಎಂದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಹೋದೆ.

ಇಷ್ಟಾದರೂ ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದುಕೊಳ್ಳಬೇಡಿ. ಶಶಿಪ್ರಭಾ ಕೇಳಿದ ಕೂಡಲೇ ಅರ್ಧ ಗಂಟೆ ಹೇಳಿದ್ದನ್ನು ನನಗೆ ಐದು ನಿಮಿಷ ಹೇಳಲು ನಿಮಗೆ ಬಾಯಿ ಇರಲಿಲ್ಲ. ನೀನು ಕೇಳಲಿಲ್ಲವಲ್ಲ ಎನ್ನುತ್ತೀರಿ, ಗೊತ್ತು. ಹೌದು, ಕೇಳಲಿಲ್ಲ. ಕೇಳದೆ ಹೇಳಲಿ ಎಂದೇ ಎದುರು ನಿಂತದ್ದು, ಬೆಳಕಿಗೆ ಅಡ್ಡವಾಗಿ. ಅವಳ ಹೊಸ ವಿಳಾಸ ಕಳಿಸಿ. ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ ಕೊಟ್ಟುಬರುತ್ತೇನೆ, ನಾನೊಬ್ಬಳೇ ಹೋಗುತ್ತೇನೆ, ನೀವು ಬರುವುದು ಬೇಡ. ಅವಳಿಗೂ ಹುಬ್ಬಳ್ಳಿಗೇ ವರ್ಗ ಆಗಿದೆಯಾ? ಆಗಿದ್ದರೆ ಈಗಲೇ ಹೇಳಿಬಿಡಿ.

ಅರ್ಜಿಯಲ್ಲಿ ಸಂಸಾರ ಎಂದು ಬರೆಯಿರಿ. ಆದರೆ ಅದನ್ನು ಬ್ಯಾಂಕಿಗೆ ಕೊಡುವ ಮೊದಲು ಕೆಳಗೆ ಬರೆದದ್ದನ್ನು ಓದಿ, ಓದಿದ ಮೇಲೂ ಮನಸ್ಸಿದ್ದರೆ ಕೊಡಿ. ಹುಬ್ಬಳ್ಳಿಯಲ್ಲಿ ಆ ಉಂಗುರ ತಿರುಗಿಸುವುದನ್ನು ಮೊದಲು ನನಗೆ ಕಲಿಸಬೇಕು, ಅದೊಂದೇ ಶರತ್ತು. ಅತ್ತೆಗೆ ನಮಸ್ಕಾರ ಹೇಳಿ. ನಿಮ್ಮ ಸಾರು ನೀರಿನ ಹಾಗಿರ್ತದೆ ಎಂದು ಅವರು ದೂರು ಹೇಳಿದ್ದಾರೆ.

ನಿಮ್ಮ,
ಭಾರ್ಗವಿ

ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬಾರದೆ ಇಲ್ಲಿಗೆ ತಳ್ಳಿದ್ದು: ಕ್ಯಾಮೆರಾ ಮುಟ್ಟಿದವಳಲ್ಲ ಎಂದು ಬರೆದದ್ದು ಸುಳ್ಳು. ಚೌತಿಗೆ ಮೊದಲು, ಕೃಷ್ಣಾಷ್ಟಮಿಯಲ್ಲಿ ನೀವು ಮೊಸರುಕುಡಿಕೆ ನೋಡಲು ಹೋದಾಗ, ಇವರು ಇದರೊಳಗೆ ಅಂಥದ್ದೇನು ನೋಡುತ್ತಾರೆ ಎಂದು ನಾನು ಕಣ್ಣಿಟ್ಟು ನೋಡಿದೆ. ಒಳಗೆಲ್ಲ ಧೂಳಿನ ಚುಕ್ಕೆಗಳು. ಇದಕ್ಕೇ ಇವರಿಗೆ ನಾನು ಕಾಣುವುದಿಲ್ಲ, ಒರೆಸಿಟ್ಟರೆ ಕಂಡೇನು ಎಂದುಕೊಂಡು ಲೆನ್ಸು ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ ಒಳಗೆ ಹಾಕಿದೆ. ಗಾಜು ಕಳಚಿ ಕೈಗೇ ಬಂತು. ಹೆದರಿ ಹೇಗೋ ಕೂರಿಸಿದೆ. ಮರುದಿನ ಗುಡಿಸುವಾಗ ನೆಲದಲ್ಲಿ ಒಂದು ತೆಳ್ಳಗಿನ ಚೌಕಟ್ಟು ಸಿಕ್ಕಿತು, ಏನೆಂದು ತಿಳಿಯದೆ ಬ್ಲೌಸಿನ ಹುಕ್ಕಿನ ಡಬ್ಬಿಗೆ ಹಾಕಿದೆ. ಆ ಡಬ್ಬಿ ನನ್ನ ಜೊತೆಗೇ ಇಲ್ಲಿಗೆ ಬಂದಿದೆ. ಬಶೀರ್ ಬೇರೆ ಕ್ಯಾಮೆರಾದಿಂದ ಅಂಥದ್ದೇ ಒಂದನ್ನು ತೆಗೆದು ತೋರಿಸಿದಾಗಲೇ ನನಗೆ ಗೊತ್ತಾಗಿತ್ತು, ಅವರ ಎದುರು ಬಾಯಿ ಬಿಡಲಿಲ್ಲ. ಅದನ್ನು ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ. ಕವರು ಒಡೆಯುವಾಗ ಜಾರಿ ಬಿದ್ದಿರಬಹುದು, ಗುಡಿಸುವ ಮೊದಲು ನೆಲದಲ್ಲಿ ಸ್ವಲ್ಪ ಹುಡುಕಿ.