ಗೌರಾನೂ ಬರಲಿ

೧೭ ಆಗಸ್ಟ್ ೧೯೮೮, ಬುಧವಾರ. ಐಗಳಿ

ಬೆಳಿಗ್ಗೆಯಿಂದ ಎಣ್ಣೆ ಮುಂದೆ. ಚಕ್ಕುಲಿ ಆಯಿತು. ಶೇಂಗಾ ಹೋಳಿಗೆ ಇನ್ನೂ ಅರ್ಧ ಉಳಿದಿವೆ. ಕಡಕ್ ರೊಟ್ಟಿ ನಾಳೆ. ನಡುವೆ ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವವರಿಗೆ ಚಹಾ. ಸೊಂಟ ಬಿದ್ದುಹೋಗಿದೆ.

ಆದರೂ ಖುಷಿ. ಮದುವೆಯಾಗಿ ಹನ್ನೊಂದು ವರ್ಷ, ಇವರ ಜೊತೆ ಎಲ್ಲಿಗೂ ಹೋಗಿಲ್ಲ. ಮಕ್ಕಳಾಗಲಿಲ್ಲ ಅಂತ ಮಿರಜದ ದವಾಖಾನೆಗೆ ಹೋದದ್ದೂ ಒಬ್ಬಳೇ. ವಿಜಾಪುರದ ಬಸ್ಸು ದಿನಾ ಮನೆ ಮುಂದೆಯೇ ಹೋಗುತ್ತದೆ, ಗೋಳಗುಮ್ಮಟ ನೋಡಿದ್ದು ಮಾತ್ರ ಕ್ಯಾಲೆಂಡರಿನಲ್ಲಿ. ಮಾತು ತೆಗೆದದ್ದು ಅತ್ತೆಯೇ. ಶ್ರಾವಣ ಸೋಮವಾರ ಕೂಡಲಸಂಗಮ ಆಗಲಿ, ಹಾಗೇ ವಿಜಾಪುರ, ಬಾದಾಮಿ ನೋಡಿ ಬರೋಣ ಎಂದರು. ಆಮೇಲೆ ತಾವೇ ಅಂದರು — "ನಿನ್ನ ತಂಗಿ ಗೌರಾನೂ ಬರಲಿ. ಪಿಯುಸಿ ಮುಗಿಸಿ ಮನ್ಯಾಗ ಖಾಲಿ ಕುಂತಾಳ, ಪಾಪ."

ಅತ್ತೆಯ ಬಾಯಲ್ಲಿ ಪಾಪ ಎಂಬ ಶಬ್ದ! ನಗು ಬಂತು. ತಡೆದುಕೊಂಡೆ.

೧೯ ಆಗಸ್ಟ್, ಶುಕ್ರವಾರ

ಗೌರಾ ಬಂದಳು. ಅಪ್ಪ ಸದಲಗಾದಿಂದ ಕರೆತಂದ. ಅತ್ತೆಗೆ ಎಮ್ಮೆ ತುಪ್ಪದ ಡಬ್ಬಿ ಕೊಟ್ಟು, ಒಂದು ಕಪ್ ಚಹಾ ಕುಡಿದು, ಕಬ್ಬಿಗೆ ನೀರು ಬಿಡಬೇಕು ಅಂತ ಹೊರಟೇಬಿಟ್ಟ. ಊಟಕ್ಕೂ ನಿಲ್ಲಲಿಲ್ಲ. ನನ್ನ ಮುಖ ನೋಡಿ ಸರಿಯಾಗಿ ಮಾತೂ ಆಡಲಿಲ್ಲ. ವಯಸ್ಸಾಯಿತು, ಮೊದಲಿನಂತಿಲ್ಲ.

ಗೌರಾ ಪಂಜಾಬಿ ಡ್ರೆಸ್ ಹಾಕಿಕೊಂಡು ಬಂದಿದ್ದಾಳೆ. ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಟ್ರಂಕು ತೆಗೆದು ಹೊಸ ಇಳಕಲ್ ಸೀರೆ ಕೊಟ್ಟು, "ಗುಡಿಗೆ ಹೋಗುಮುಂದ ಇದನ್ನ ಉಟ್ಕೋ" ಎಂದರು. ನನಗೆ ಯಾವತ್ತೂ ಆ ಟ್ರಂಕಿನಿಂದ ಸೀರೆ ಬಂದಿಲ್ಲ. ಇರಲಿ. ನನ್ನ ತಂಗಿಗೆ ಕೊಟ್ಟದ್ದು ನನಗೇ ಕೊಟ್ಟ ಹಾಗೆ.

೨೦ ಆಗಸ್ಟ್, ಶನಿವಾರ, ಸಂಜೆ. ವಿಜಾಪುರ, ಲಾಡ್ಜು

ಟಿಕೋಟಾ ದಾಟಿ ಸ್ವಲ್ಪ ದೂರಕ್ಕೆ ಗುಮ್ಮಟ ಕಂಡಿತು. ಗೌರಾ ಜೀಪಿನಲ್ಲಿ ಎದ್ದೇ ನಿಂತಳು. ಡ್ರೈವರ್ ಧೂಳಪ್ಪ — "ಕುಂದರ್ರಿ ಅವ್ವಾರ, ಅದೇನ್ ಓಡಿ ಹೋಗಂಗಿಲ್ಲ." ಎಲ್ಲರೂ ನಕ್ಕೆವು. ಇವರೂ.

ಅದು ಮಧ್ಯಾಹ್ನದ ಮಾತು.

ಗುಮ್ಮಟದ ಒಳಗೆ ಹೋದೆವು. ತಲೆ ಎತ್ತಿದರೆ ಕುತ್ತಿಗೆ ನೋಯುವಷ್ಟು ಎತ್ತರ, ನಡುವೆ ಕಟ್ಟೆಯ ಮೇಲೆ ಗೋರಿಗಳು. ಅತ್ತೆ ಅಂದರು — "ನನ್ನ ಮೊಣಕಾಲು ಹತ್ತಂಗಿಲ್ಲ. ಗಂಗಾ ನನ್ನ ಹಂತ್ಯಾಕ ಇರಲಿ. ರಾವಸಾಹೇಬ, ನೀ ಗೌರಾನ್ನ ಕರ್ಕೊಂಡು ಮ್ಯಾಲ ಹೋಗಿ ಬಾ."

ನನಗೂ ಹತ್ತಬೇಕಿತ್ತು. ಅನ್ನಲಿಲ್ಲ. ಇವರೂ ಗೌರಾನೂ ಹತ್ತಿ ಹೋದರು.

ಅತ್ತೆ ಅಡಿಕೆ ಕತ್ತರಿಸುತ್ತ ಕೂತರು. ಕತ್ತರಿಸುತ್ತಲೇ — "ಕಾರ್ತೀಕದಾಗ ಗೌರಾನ್ನ ನಮ್ಮ ಮನಿಗೆ ತರಬೇಕಂತ ಮಾಡೀವಿ."

ನಿಜಕ್ಕೂ ಖುಷಿಯಾಯಿತು. ಇವರ ಚಿಕ್ಕಪ್ಪನ ಮಕ್ಕಳಲ್ಲಿ ಯಾರಿಗಾದರೂ ಇರಬಹುದು ಅಂದುಕೊಂಡೆ. "ಯಾರಿಗ್ರಿ, ಅತ್ತಿ?"

"ಯಾರಿಗಂತ ಕೇಳ್ತಿ? ನಮ್ಮ ಮನ್ಯಾಗ ಗಂಡಸರು ಎಷ್ಟು ಮಂದಿ ಅದಾರ?"

ಅಷ್ಟರಲ್ಲಿ ಮೇಲಿನಿಂದ ಗೌರಾ "ಅಕ್ಕಾ" ಅಂತ ಕೂಗಿದಳು. ಗುಮ್ಮಟ ಅದನ್ನು ಹಿಡಿದುಕೊಂಡು ಅಕ್ಕಾ, ಅಕ್ಕಾ, ಅಕ್ಕಾ ಅಂತ ತಲೆಯ ಮೇಲೆ ಸುರಿಯಿತು. ಅತ್ತೆ ಅದು ನಿಲ್ಲುವವರೆಗೆ ಕಾದರು.

"ನಿಮ್ಮಪ್ಪ ಹೂಂ ಅಂದಾನ. ನಿನ್ನನ್ನೇನ್ ಯಾರೂ ಹೊರಗ ಹಾಕಂಗಿಲ್ಲ. ಬ್ಯಾರೆದಾಕಿ ಬಂದ್ರ ನಿನ್ನ ಗತಿ ಏನಾಕ್ಕೈತಿ ವಿಚಾರ ಮಾಡು. ನಿನ್ನ ಬೆನ್ನಿಗೆ ಬಿದ್ದಾಕಿ ಬಂದ್ರ ಇಬ್ಬರೂ ಒಂದ ಗಂಗಾಳದಾಗ ಉಣ್ಣಬಹುದು. ಗೌರಾಗ ಗೊತ್ತಿಲ್ಲ. ನೀನೇ ಹೇಳು. ಊರು ಮುಟ್ಟೂದ್ರಾಗ ಹೇಳಿ ಮುಗಿಸು."

ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಅಡಿಕೆ ಹೋಳು ಕೈಗೆ ಇಟ್ಟರು. ಬಾಯಿಗೆ ಹಾಕಿಕೊಂಡೆ.

ಗೌರಾ ಕೆಂಪಗಾಗಿ ಏದುಸಿರು ಬಿಡುತ್ತ ಇಳಿದು ಬಂದಳು. "ಅಕ್ಕಾ, ಕೇಳಿಸ್ತೇನು? ಮಾವಾರು ಪಿಸುಗುಟ್ಟಿದ್ದು ಆ ಕಡಿ ಗ್ವಾಡಿಗೆ ನಿಂತ ನನಗ ಕೇಳಿಸ್ತು!"

ಅಪ್ಪ ಊಟಕ್ಕೆ ನಿಲ್ಲದೆ ಹೋದದ್ದು ಯಾಕೆ, ಈಗ ತಿಳಿಯಿತು.

೨೧ ಆಗಸ್ಟ್, ಭಾನುವಾರ

ಮಲಿಕ್-ಎ-ಮೈದಾನ ತೋಪು, ಉಪ್ಪಲಿ ಬುರುಜು, ಬಾರಾ ಕಮಾನ. ಎಲ್ಲಾ ನೋಡಿದೆ. ಏನೂ ನೋಡಲಿಲ್ಲ.

ಇಬ್ರಾಹಿಂ ರೋಜಾದಲ್ಲಿ ಇವರು ಒಬ್ಬರೇ ಸಿಕ್ಕರು. ಹಿಂದಿನ ಕಮಾನಿನ ಕೆಳಗೆ ಬೀಡಿ ಸೇದುತ್ತಿದ್ದರು. ಕೇಳಿದೆ — "ನಿಮಗ ಮೊದಲ ಗೊತ್ತಿತ್ತೇನ್ರಿ?"

ಬೀಡಿ ಆರಿಸಿದರು. "ಅವ್ವ ಅಂದ್ಲು. ನಾ ಏನ್ ಅನ್ಲಿ, ಗಂಗಾ?"

"ಮಿರಜದ ಡಾಕ್ಟರು ನನ್ನಾಗ ಏನೂ ದೋಷ ಇಲ್ಲ, ಗಂಡನ್ನ ಕರ್ಕೊಂಡು ಬರ್ರಿ ಅಂದಿದ್ರು. ನೀವು ಒಂದ ಸಲನೂ ಬರಲಿಲ್ಲ."

"ಅದನ್ನ ಈಗ ಯಾಕ ತಗೀತಿ?"

"ನಾಳೆ ಗೌರಾಗೂ ಹಿಂಗ ಆದ್ರ?"

ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳನ್ನು ಓದಲು ಬರುವವರ ಹಾಗೆ ನೋಡುತ್ತ ನಿಂತರು. ಇವರು ಕೆಟ್ಟವರಲ್ಲ. ಹನ್ನೊಂದು ವರ್ಷದಲ್ಲಿ ಕೈ ಎತ್ತಿಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ಧೂಳಪ್ಪ ಊರ ಹೊರಗೆ ಸಾಠ ಕಬರ್, ಅಂದರೆ ಅರವತ್ತು ಗೋರಿ, ತೋರಿಸಿದ. ಹೊಲದ ನಡುವೆ ಕಪ್ಪು ಗೋರಿಗಳ ಸಾಲು. ಯಾರೋ ಸರದಾರ ಯುದ್ಧಕ್ಕೆ ಹೋಗುವ ಮೊದಲು ತನ್ನ ಹೆಂಡಿರನ್ನೆಲ್ಲ ಬಾವಿಗೆ ನೂಕಿಸಿದನಂತೆ. ತಾನು ಸತ್ತರೆ ಅವರು ಬೇರೆಯವರ ಪಾಲಾಗಬಾರದು ಅಂತ. ಖರೆಯೋ ಸುಳ್ಳೋ.

ಗೌರಾ ಸಾಲುಗಳ ನಡುವೆ ಸುತ್ತಿ ಬಂದು ಅಂದಳು — "ಇಷ್ಟು ಮಂದ್ಯಾಗ ಒಬ್ಬಾಕಿನೂ ಒಲ್ಲೆ ಅನ್ನಲಿಲ್ಲೇನು?"

ಧೂಳಪ್ಪ — "ಒಬ್ಬಾಕಿ ಓಡಿದ್ಲಂತ ಹೇಳ್ತಾರ್ರಿ. ಹಿಡಕೊಂಡು ಬಂದ್ರಂತ."

ಅತ್ತೆ ಜೀಪಿನಿಂದ ಇಳಿಯಲೇ ಇಲ್ಲ. ಗೋರಿ ನೋಡುವುದೇನು, ನಡೆಯಿರಿ ಎಂದರು.

೨೨ ಆಗಸ್ಟ್, ಸೋಮವಾರ

ಕೂಡಲಸಂಗಮ. ಶ್ರಾವಣದ ಗದ್ದಲ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದೆ. ಗೌರಾ ಅತ್ತೆ ಕೊಟ್ಟ ಸೀರೆ ಉಟ್ಟಿದ್ದಳು. ಚೆಂದ ಕಾಣುತ್ತಿದ್ದಳು. ಇವರೂ ನೋಡಿದರು. ನೋಡಿದ್ದನ್ನು ನಾನು ನೋಡಿದೆ.

ದರ್ಶನ ಆದ ಮೇಲೆ ಅತ್ತೆ ಕಣ್ಣಲ್ಲೇ ಸನ್ನೆ ಮಾಡಿದರು. ಗೌರಾಳನ್ನು ಹೊಳೆ ಮೆಟ್ಟಿಲಿಗೆ ಕರೆದುಕೊಂಡು ಹೋದೆ. ಅತ್ತೆ ಕಲಿಸಿದಂತೆಯೇ ಹೇಳಬೇಕು ಅಂತಿದ್ದೆ. ಒಂದೇ ಮನೆ, ಒಂದೇ ಗಂಗಾಳ... ಮೊದಲ ಮಾತಿಗೇ ಅವಳ ಮುಖ ನೋಡಿದೆ. ಇವಳು ಹುಟ್ಟಿದಾಗ ನನಗೆ ಹತ್ತು ವರ್ಷ. ತೊಟ್ಟಿಲು ತೂಗಿದ್ದು ನಾನು, ಸ್ಲೇಟು ಹಿಡಿಸಿದ್ದು ನಾನು. ಹೇಳಿದೆ, ಇದ್ದದ್ದೆಲ್ಲ. ಮಿರಜದ ಮಾತೂ ಹೇಳಿದೆ.

ಆ ಇಳಕಲ್ ಸೆರಗನ್ನು ಎಳೆದು ಸೊಂಟಕ್ಕೆ ಸಿಗಿಸಿದಳು. ಆಮೇಲೆ — "ನಿನಗೇನ್ ಬೇಕು, ಅಕ್ಕಾ?"

ನನ್ನನ್ನು ಇಲ್ಲಿಯವರೆಗೆ ಯಾರೂ ಹೀಗೆ ಕೇಳಿಲ್ಲ.

"ಒಲ್ಲೆ ಅನ್ನು" ಎಂದೆ. "ಎಲ್ಲಾರ ಮುಂದ ಒಲ್ಲೆ ಅನ್ನು. ನನ್ನ ಕಡಿ ನೋಡಬ್ಯಾಡ."

೨೩ ಆಗಸ್ಟ್, ಮಂಗಳವಾರ. ಸದಲಗಾ

ಬಾದಾಮಿ ಕ್ಯಾನ್ಸಲ್.

ಬೆಳಿಗ್ಗೆ ಖಾನಾವಳಿಯಲ್ಲಿ ಪೂರಿ ತಿನ್ನುವಾಗ ಗೌರಾ ಅಂದೇಬಿಟ್ಟಳು. ಮಾವಾರು ನನಗೆ ಅಣ್ಣನ ಸಮಾನ, ನಾನು ಒಲ್ಲೆ, ಹಿಂಗ ಎರಡು ಲಗ್ನ ಮಾಡಾಕ ಕಾಯ್ದೆದಾಗೂ ಆಸ್ಪದ ಇಲ್ಲ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ಅತ್ತೆ ಗೌರಾಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. "ಛಲೋ ಕಲಿಸೀದಿ" ಎಂದರು. ಅಷ್ಟೇ. ಧೂಳಪ್ಪನಿಗೆ ಜೀಪು ಊರ ಕಡೆ ತಿರುಗಿಸಲು ಹೇಳಿದರು.

ಐಗಳಿಯಲ್ಲಿ ಅತ್ತೆ ಇಳಿದರು. ನಾನು ಇಳಿಯಲು ಹೋದರೆ ಕೈ ಅಡ್ಡ ಹಿಡಿದರು. ಒಳಗಿನಿಂದ ನನ್ನ ಟ್ರಂಕು ತರಿಸಿ ಜೀಪಿಗೆ ಇಡಿಸಿದರು. "ತಂಗೀನ್ನ ಬಿಡಾಕ ಹೋಗು. ನಾಕ ದಿನ ತವರ ಮನ್ಯಾಗ ಇದ್ದು ಬಾ." ಒಣಹಾಕಿದ ನನ್ನ ಸೀರೆ ಹಗ್ಗದ ಮೇಲೆಯೇ ಇತ್ತು. ಅದನ್ನು ತೆಗೆದುಕೊಳ್ಳಲೂ ಬಿಡಲಿಲ್ಲ.

ಇವರು ಸದಲಗಾದವರೆಗೂ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡಿದರು. ಬಾಗಿಲಲ್ಲಿ ಟ್ರಂಕು ಇಳಿಸಿದರು. ಅವ್ವ ಚಹಾಕ್ಕೆ ಕರೆದಳು. ಕುಡಿಯಲಿಲ್ಲ. "ಬರ್ತೀನಿ" ಅಂದರು. ಯಾವಾಗ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

೩೧ ಆಗಸ್ಟ್

ನಾಲ್ಕು ದಿನ ಎಂದೋ ಮುಗಿದವು.

ಅಪ್ಪ ಇವತ್ತು ಬಾಯಿ ಬಿಟ್ಟ. ಎಮ್ಮೆ ಹಿಂಡುತ್ತ, ನನ್ನ ಕಡೆ ಬೆನ್ನು ಮಾಡಿ — "ನಾ ಏನ್ ಕೆಟ್ಟದ್ದು ಮಾಡಾಕ ಹೋಗಿದ್ನ್ಯಾ? ಇಬ್ಬರೂ ಮಕ್ಕಳು ಒಂದ ಮನ್ಯಾಗ ಇರ್ತೀರಿ ಅಂದ್ಕೊಂಡಿದ್ದೆ. ಈಗ ಒಬ್ಬಾಕಿದು ಸಂಸಾರ ಹೋತು, ಇನ್ನೊಬ್ಬಾಕಿನ್ನ ಯಾರು ಕೇಳ್ತಾರ?"

ಅವ್ವ ಅಳುತ್ತಾಳೆ, ಅಳುತ್ತಲೇ ರೊಟ್ಟಿ ಬಡಿಯುತ್ತಾಳೆ.

೧೪ ಸೆಪ್ಟೆಂಬರ್, ಗಣೇಶ ಚೌತಿ

ಪಕ್ಕದ ಮನೆಗೆ ಕೊಲ್ಲಾಪುರದಿಂದ ಬಂದ ಸೊಸೆ ಮೋದಕ ಕೊಡಲು ಬಂದಳು. "ಕಾ ಗ, ಅಜೂನ ಇಥಂಚ?" — ಇನ್ನೂ ಇಲ್ಲೇ ಇದ್ದೀಯಲ್ಲ ಅಂತ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ನಕ್ಕೆ. ಗೌರಾ ಒಳಗಿನಿಂದ ಬಂದು ಮೋದಕದ ತಾಟು ಅವಳ ಕೈಗೇ ತಿರುಗಿ ಕೊಟ್ಟಳು. ಅವ್ವ ಬೈದಳು. ಹಬ್ಬದ ಊಟ ಯಾರಿಗೂ ಸೇರಲಿಲ್ಲ.

ಗೌರಾ ಈಗ ನಗುವುದಿಲ್ಲ. ನಾನು ಅಂಗಳಕ್ಕೆ ಹೋದರೆ ಹಿಂದೆಯೇ ಬರುತ್ತಾಳೆ. ಬಾವಿ ಹತ್ತಿರ ಹೋದರೆ ಓಡಿ ಬರುತ್ತಾಳೆ. ನಾನು ಅಂಥದ್ದೇನೂ ಮಾಡುವವಳಲ್ಲ ಅಂತ ಹೇಳಬೇಕು. ಹೇಳಿದರೆ ಇನ್ನೂ ಹೆದರುತ್ತಾಳೆ.

೯ ಅಕ್ಟೋಬರ್

ಐಗಳಿಯಲ್ಲಿ ದ್ರಾಕ್ಷಿ ಚಾಟ್ನಿ, ಬಳ್ಳಿ ಸವರುವ ಕೆಲಸ, ಶುರುವಾಗಿರುತ್ತದೆ. ಯಾವ ಸಾಲಿಗೆ ಎಷ್ಟು ಚಿಗುರುಗಣ್ಣು ಬಿಟ್ಟು ಕತ್ತರಿಸಬೇಕು ಅಂತ ನಾನು ನಿಂತು ನೋಡುತ್ತಿದ್ದೆ. ಈ ಸಲ ಯಾರು ನಿಂತಿರುತ್ತಾರೋ. ಗಿಡಗಳ ಮೇಲೂ ಇಷ್ಟು ಜೀವ ಇತ್ತು ಅಂತ ಗೊತ್ತಿರಲಿಲ್ಲ.

೨೦ ಅಕ್ಟೋಬರ್, ದಸರಾ

ಇವರು ಬಂದರು! ಬನ್ನಿ ಕೊಡುವ ನೆವ. ಸೊರಗಿದ್ದಾರೆ. ಶರ್ಟಿನ ಗುಂಡಿ ಕಿತ್ತಿತ್ತು. ಮಾತಾಡುತ್ತಲೇ ಹೊಲಿದು ಕೊಟ್ಟೆ.

"ತೆಲಸಂಗದ ಕಡಿ ಹೆಣ್ಣು ನೋಡ್ಯಾಳ ಅವ್ವ."

ಸೂಜಿ ನಿಂತಿತು.

"ಅವರದು ಒಂದ ಮಾತು. ಮೊದಲಿನಾಕಿ ಮನ್ಯಾಗ ಇರಬಾರದು ಅಂತ."

"ನೀವೇನ್ ಅಂದ್ರಿ?"

"ನಾ ಏನ್ ಅನ್ಲಿ..."

ಅದೇ ಮಾತು. ದಾರ ಹಲ್ಲಿನಿಂದ ಕಡಿದೆ. ಅವರ ಎದೆಗೆ ಅಷ್ಟು ಹತ್ತಿರ ಮುಖ ತಂದು ಎರಡು ತಿಂಗಳಾಗಿತ್ತು. ಔಷಧದ ವಾಸನೆ, ಬೀಡಿ ವಾಸನೆ. ಹಾಗೇ ಇದ್ದುಬಿಡಬೇಕು ಅನಿಸಿತು.

"ಗೌರಾ ಹೂಂ ಅಂದಿದ್ರ ನಿನ್ನ ಜಾಗಾ ನಿನಗ ಇರ್ತಿತ್ತು" ಎಂದರು. ಕಣ್ಣು ಒರೆಸಿಕೊಂಡರು. ಅಳುತ್ತಿದ್ದವರನ್ನು ನಾನೇ ಸಮಾಧಾನ ಮಾಡಿದೆ.

ಗೌರಾ ಬಾಗಿಲ ಆಚೆ ನಿಂತಿದ್ದಳು. ಕೇಳಿಸಿಕೊಂಡಳೋ ಏನೋ.

೨೩ ಅಕ್ಟೋಬರ್, ಭಾನುವಾರ, ಬೆಳಿಗ್ಗೆ

ನಿನ್ನೆ ಗೌರಾ ಅಪ್ಪನ ಹತ್ತಿರ ಹೋಗಿ ಹೂಂ ಅಂದು ಬಂದಿದ್ದಾಳೆ. ನನ್ನನ್ನು ಕೇಳಲಿಲ್ಲ. ಅಪ್ಪ ಸಂಜೆಯ ಬಸ್ಸಿಗೇ ಐಗಳಿಗೆ ಹೋದ. ಮುಖದಲ್ಲಿ ಎಷ್ಟು ದಿನದ ಮೇಲೆ ಕಳೆ.

ಅವಳ ಕೈ ಹಿಡಿದು ಜಗ್ಗಿ ಹಿತ್ತಲಿಗೆ ಒಯ್ದೆ. "ಹುಚ್ಚಿ, ಏನ್ ಮಾಡಿದಿ? ನಾ ಹೇಳಿದ್ದು ಮರತ್ಯಾ? ನಿನಗೂ ಮಕ್ಕಳಾಗದಿದ್ರ?"

"ಆಗದಿದ್ರ ಇಬ್ಬರೂ ಕೂಡೇ ಇರೂಣು." ಕಣ್ಣಲ್ಲಿ ನೀರಿಲ್ಲ. "ಖರೇ ಹೇಳು ಅಕ್ಕಾ. ನಿನಗ ನಿನ್ನ ಮನಿ ಬೇಕೋ ಬ್ಯಾಡೋ?"

ಬ್ಯಾಡ ಅಂದೆ. ಬಾಯಿ ಅಂದಿತು. ಆದರೆ ಅವಳು ಹೂಂ ಅಂದಳು ಅಂತ ಅವ್ವ ಮೊದಲು ಬಂದು ಹೇಳಿದಳಲ್ಲ — ಆಗ ನನ್ನ ಎದೆಯಲ್ಲಿ ಏನಾಯಿತು? ಅಳು ಬರಲಿಲ್ಲ. ಸಿಟ್ಟು ಬರಲಿಲ್ಲ. ನನ್ನ ಅಡುಗೆಮನೆ ಕಣ್ಣ ಮುಂದೆ ಬಂತು. ದ್ರಾಕ್ಷಿ ಸಾಲು ಬಂತು. ಹಗುರಾಯಿತು. ತಂಗಿಯ ಬದುಕು ಹೋಗುತ್ತಿದೆ, ನನಗೆ ಹಗುರಾಯಿತು. ಗೌರಾ ನನ್ನ ಮುಖದಲ್ಲಿ ಅದನ್ನು ನೋಡಿರಬೇಕು. ಅದಕ್ಕೇ ಮತ್ತೆ ಕೇಳಲಿಲ್ಲ.

ಇವರನ್ನು ಕರೆದುಕೊಂಡು ಮಧ್ಯಾಹ್ನಕ್ಕೆ ಜೀಪಿನಲ್ಲಿ ಬರುತ್ತೇನೆ ಅಂದು ಹೋಗಿದ್ದಾನೆ ಅಪ್ಪ. ಅವಳು ಬಚ್ಚಲಿನಲ್ಲಿ ತಲೆಗೆ ಎರೆದುಕೊಳ್ಳುತ್ತಿದ್ದಾಳೆ. ಇನ್ನೂ ಹೊತ್ತಿದೆ. ಅಪ್ಪನ ಮುಂದೆ, ಇವರ ಮುಂದೆ, ಈ ಸಲ ನಾನೇ ಬ್ಯಾಡ ಅನ್ನಬೇಕು. ಅಂದರೆ ನಿಲ್ಲುತ್ತದೆ. ನಾನು ಒಬ್ಬಳು ಇಲ್ಲೇ ಉಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಎಷ್ಟೋ ಜನ ಇದ್ದಾರೆ.

ಬಿಸಿನೀರು ಸಾಲಲಿಲ್ಲವಂತೆ, ಕೂಗುತ್ತಿದ್ದಾಳೆ. ಒಯ್ಯುತ್ತೇನೆ. ಒಯ್ದು, ಬಾಗಿಲು ಹಾಕಿ, ಅವಳಿಗೆ ಹೇಳುತ್ತೇನೆ — ಗೌರಾ, ನೀನು ನನ್ನ ಕಡಿ ನೋಡಬ್ಯಾಡ, ಈ ಸಲ ಎಲ್ಲಾರ ಮುಂದ ಒಲ್ಲೆ ಅನ್ನಾಕಿ ನಾ.