ಗುರಿ ತಪ್ಪುತ್ತಿದ್ದಾಗಲೇ ಚೆನ್ನಾಗಿತ್ತು

ಮಾರ್ಚ್ 5, 2011. ಶನಿವಾರ

ಹೊರಗೆ ಹಿಮ. ಇವತ್ತೂ ಬೇಸ್‌ಬಾಲ್ ಅಭ್ಯಾಸ ಜಿಮ್‌ನಲ್ಲೇ, ಬ್ಯಾಸ್ಕೆಟ್‌ಬಾಲ್ ಹುಡುಗಿಯರು ಹೋದ ಮೇಲೆ. ಎಸೆದದ್ದರಲ್ಲಿ ಅರ್ಧ ಡ್ವೇನ್‌ನ ಗ್ಲೌಸಿಗೆ ಹೋಯಿತು. ಉಳಿದರ್ಧ ಎಲ್ಲೆಲ್ಲಿಗೋ. ಒಂದು ಎಸೆತ ಗೋಡೆ ಗಡಿಯಾರಕ್ಕೆ ಬಡಿದು ಗಡಿಯಾರ ನಿಂತಿತು. ಕೋಚ್ ಸ್ಟಾಲ್ಪ್ ಅದನ್ನೇ ನೋಡುತ್ತಾ, "ಕುಚೆರಾ, ಟೈಮ್ ಮುಗೀತು ಅಂತ ನೀನೇ ಹೇಳ್ದಂಗಾಯ್ತು. ಮನೆಗೆ ಹೋಗು" ಅಂದರು.

ಡ್ವೇನ್ ಪಾಸ್ಪಿಶಿಲ್ ನಮ್ಮ ಕ್ಯಾಚರ್. ನನಗಿಂತ ಒಂದು ವರ್ಷ ಮುಂದೆ. ನಾನು ಎಸೆದದ್ದನ್ನು ಹಿಡಿಯುವುದು, ಹಿಡಿಯಲಾಗದ್ದನ್ನು ಮೈಯಿಂದ ತಡೆಯುವುದು ಅವನ ಪಾಡು. ಬಟ್ಟೆ ಬದಲಿಸುವಾಗ ತೊಡೆಯ ಮೇಲಿನ ಹೊಸ ನೀಲಿ ಗುರುತು ತೋರಿಸಿದ. "ನೋಡೋ, ಥೇಟ್ ನಮ್ಮ ನೆಬ್ರಾಸ್ಕಾ ಸ್ಟೇಟ್ ಮ್ಯಾಪ್ ಥರಾನೇ ಇದೆ. ನಮ್ಮೂರು ಎಲ್ಲಿ ಬರುತ್ತೆ ಅಂತ ಗುರುತು ಮಾಡ್ಲಾ?"

ಕ್ಷಮೆ ಕೇಳಿದೆ. ಕ್ಷಮೆಯಾದರೂ ನೇರವಾಗಿ ಬಂತಲ್ಲ ಅಂದ.

ಏಪ್ರಿಲ್ 9

ಕಾಲೇಜಿನ ಪರ ನನ್ನ ಮೊದಲ ಆಟ! ಚೆಂಡೆಸೆಯುವ ಬೇರೆ ಪಿಚರ್‌ಗಳಿಗೆಲ್ಲ ಜ್ವರ, ಅದಕ್ಕೇ ನಾನು. ಮೊದಲ ಬ್ಯಾಟುಗಾರನ ಸೊಂಟಕ್ಕೆ ಹೊಡೆದೆ. ಎರಡನೆಯವನಿಗೆ ನಾಲ್ಕೂ ಎಸೆತ ಆಚೀಚೆ ಹೋಗಿ, ಅವನು ಸುಮ್ಮನೆ ನಡೆದುಕೊಂಡು ಮೊದಲ ಬೇಸಿಗೆ ಹೋದ. ಮೂರನೆಯವನು ಎಷ್ಟು ದೂರ ನಿಂತನೆಂದರೆ ಬ್ಯಾಟು ಚೆಂಡಿಗೆ ಎಟುಕಲೇ ಇಲ್ಲ. ಅವನ ಹಿಂದೆ ಬಂದವರೂ ಹಾಗೆಯೇ. ಒಂದು ರನ್ನೂ ಆಗಲಿಲ್ಲ.

"ನೀನೇನು ಮಾಡ್ದೆ ಅಂತ ನಿಂಗೆ ಗೊತ್ತಾ?" ಕೋಚ್ ಕೇಳಿದರು.

"ಇಲ್ಲ ಕೋಚ್."

"ನಂಗೂ ಗೊತ್ತಾಗ್ಲಿಲ್ಲ. ನಾಳೆನೂ ಹಾಗೇ ಮಾಡು."

ಬಾಬಿ ಬಂದಿದ್ದಳು. ನನ್ನನ್ನು ಸಾಕಿದ ಅಜ್ಜಿ, ಮುಂದಿನ ಸಾಲು ಬಿಟ್ಟು ಬೇರೆಲ್ಲೂ ಕೂರುವವಳಲ್ಲ. ಕುಶನ್, ಕಾಫಿ ಫ್ಲಾಸ್ಕ್, ಗಸಗಸೆ ತುಂಬಿದ ಕೊಲಾಚ್ ಬನ್ನಿನ ಡಬ್ಬಿ. ಅಂಪೈರನ್ನು ಬೈಯುವುದೆಲ್ಲ ಚೆಕ್ ಭಾಷೆಯಲ್ಲಿ. ಅಂಪೈರೂ ನಮ್ಮೂರಿನವನೇ, ಅವನಿಗೂ ಚೆಕ್ ಬರುತ್ತದೆ. ಅದು ಗೊತ್ತಿದ್ದೇ ಬೈಯುತ್ತಾಳೆ.

ಮೇ 15, 2011

ಸೀಸನ್ ಮುಗಿಯಿತು. ತಂಡದಲ್ಲಿ ಅತಿ ಕಡಿಮೆ ರನ್ ಕೊಟ್ಟವನು ನಾನು. ಊರ ಪತ್ರಿಕೆಯಲ್ಲಿ ಫೋಟೋ ಬಂದಿದೆ, ಕಣ್ಣು ಮುಚ್ಚಿಕೊಂಡಿದ್ದೇನೆ. ಎದುರಿನವರು ಹೆದರುತ್ತಾರಂತೆ.

ನಾಚಿಕೆಯಾಗುತ್ತದೆ. ಇಡೀ ವರ್ಷದಲ್ಲಿ ಅಂದುಕೊಂಡ ಜಾಗಕ್ಕೆ ಚೆಂಡು ಹೋಗಿದ್ದು ಅಪರೂಪಕ್ಕೆ. ಇದು ಆಟವಲ್ಲ, ಅಪಘಾತ. ಈ ಬೇಸಿಗೆಯಲ್ಲಿ ಗುರಿ ಕಲಿಯುತ್ತೇನೆ. ಬರೆದಿಟ್ಟಿದ್ದೇನೆ.

ಜುಲೈ 2

ಬಾಬಿಯ ಕಣಜದ ಗೋಡೆಗೆ ಟೈರು ನೇತುಹಾಕಿದೆ. ಬೆಳಗ್ಗೆ ಎಸೆತ, ಸಂಜೆ ಎಸೆತ. ಟೈರೊಂದನ್ನು ಬಿಟ್ಟು ಎಲ್ಲಕ್ಕೂ ತಗಲುತ್ತಿದೆ.

"ನನ್ನ ಕೋಳಿ ಮೊಟ್ಟೆ ಇಡೋದು ನಿಲ್ಲಿಸಿವೆ ಕಣೋ ಮುಂಡೇದೆ" ಅಂದಳು ಬಾಬಿ.

ಆಗಸ್ಟ್ 19

ಮೊದಮೊದಲು ಕೋಳಿಗಳು ಆ ಕಡೆ ಸುಳಿಯುತ್ತಿರಲಿಲ್ಲ. ಈಗ ಟೈರಿನ ಕೆಳಗೇ ಮಲಗಿ ನಿದ್ದೆ ಮಾಡುತ್ತವೆ.

ಮಾರ್ಚ್ 3, 2012

ಎಸೆದದ್ದೆಲ್ಲ ಗ್ಲೌಸಿಗೆ. ಡ್ವೇನ್ ಕೈಯನ್ನು ಒಂದಿಷ್ಟೂ ಅಲುಗಿಸಬೇಕಿಲ್ಲ. ಅವನ ಮೈಮೇಲಿನ ಮ್ಯಾಪುಗಳೆಲ್ಲ ಮಾಸಿವೆ. ಕೋಚ್ ಸ್ಟಾಲ್ಪ್ ಕಣ್ಣಲ್ಲಿ ನೀರು ಕಂಡ ಹಾಗಾಯಿತು. ನೆಗಡಿಯೂ ಇದ್ದಿರಬಹುದು. ನಾಳೆ ಮೊದಲ ಪಂದ್ಯ. ನಿದ್ದೆ ಬರುವುದಿಲ್ಲ, ಖುಷಿಗೆ.

ಮಾರ್ಚ್ 4

ಎಲ್ಲ ಎಸೆತವೂ ಸ್ಟ್ರೈಕ್, ನೇರ ಗುರಿಗೆ. ಎಲ್ಲ ಸ್ಟ್ರೈಕಿಗೂ ಪೆಟ್ಟು.

ಎದುರು ತಂಡದ ದಢೂತಿಯೊಬ್ಬ ಎರಡು ಸಲ ಬೇಲಿ ದಾಟಿಸಿದ. ಎರಡನೆಯದು ಪಾರ್ಕಿಂಗ್‌ನಲ್ಲಿದ್ದ ಬಾಬಿಯ ಕಾರಿನ ಮೇಲೇ ಬಿತ್ತು. ಆಟ ಮುಗಿದ ಮೇಲೆ ಆ ದಢೂತಿ ಹುಡುಕಿಕೊಂಡು ಬಂದು ಕೈಕುಲುಕಿ "ಥ್ಯಾಂಕ್ಸ್" ಅಂದ. ವ್ಯಂಗ್ಯವಲ್ಲ, ಮನಸಾರೆ ಅಂದ. ಅವನ ಅಪ್ಪ ನೋಡಲು ಬಂದಿದ್ದರಂತೆ.

ಏಪ್ರಿಲ್ 21

ಬರೆಯುವುದೇನೂ ಇಲ್ಲ. ಬಾಬಿ ಈಗ ಕಾರನ್ನು ಚರ್ಚಿನ ಹಿಂದೆ ನಿಲ್ಲಿಸಿ ನಡೆದು ಬರುತ್ತಾಳೆ.

ಮೇ 6

ಕೋಚ್ ಕರೆದು ಕೂರಿಸಿಕೊಂಡರು. ಕೋಪವಿಲ್ಲ, ಅದೇ ಹೆಚ್ಚು ಹೆದರಿಸಿತು.

"ನೀನು ತುಂಬಾ ಒಳ್ಳೆಯವ್ನು ಕಣೋ, ಅದೇ ತೊಂದ್ರೆ. ಅವ್ರಿಗೆ ಬೇಕಾದ್ದನ್ನ ಬೇಕಾದ ಜಾಗಕ್ಕೆ ತಲುಪಿಸ್ತೀಯ. ಪೋಸ್ಟ್ ಆಫೀಸ್‌ನಲ್ಲಿ ಪ್ರಯತ್ನಪಟ್ಟಿದ್ರೆ ಇಷ್ಟೊತ್ತಿಗೆ ಪ್ರಮೋಷನ್ ಸಿಗ್ತಿತ್ತು."

"ಮುಂದಿನ ವರ್ಷ, ಕೋಚ್?"

"ಸೆಪ್ಟೆಂಬರ್‌ನಲ್ಲಿ ನೋಡೋಣ." ಕಿಟಕಿಯ ಕಡೆ ತಿರುಗಿದರು. ನೋಡೋಣ ಎಂದರೆ ಏನೆಂದು ನನಗೆ ಗೊತ್ತು.

ಬೇಸ್‌ಬಾಲ್ ಇಲ್ಲದಿದ್ದರೆ ನಾನು ಯಾರು? ಮಣ್ಣು ವಿಜ್ಞಾನದಲ್ಲಿ ಸಾಧಾರಣ ಅಂಕ ತೆಗೆಯುವವನು. ಅಷ್ಟೇ.

ಜೂನ್ 10

ಹಳೆಯ ಹಾಗೆ ಆಗಿಬಿಡುವುದೇ ಸರಿ ಎಂದು ಕಣಜದ ಮುಂದೆ ನಿಂತೆ. ಬೇಕೆಂದೇ ಗುರಿ ತಪ್ಪಿಸಲು ಹೋದೆ. ಆಗಲಿಲ್ಲ. ಕಣ್ಣು ಮುಚ್ಚಿಕೊಂಡು ಎಸೆದೆ.

ಟೈರಿನ ನಡುವೆ ತೂರಿಕೊಂಡು ಹೋಯಿತು. ಕೋಳಿಗಳು ಏಳಲೇ ಇಲ್ಲ. ಅಲ್ಲೇ ಕುಕ್ಕರಿಸಿ ಕೂತೆ, ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಅಕ್ಟೋಬರ್ 3, 2012. ಮಧ್ಯಾಹ್ನ

ಕೋಚ್ ತೆಗೆದುಹಾಕಿಲ್ಲ, ಇಟ್ಟುಕೊಂಡೂ ಇಲ್ಲ. ಕ್ಯಾಂಟೀನಿನಲ್ಲಿ ಚಿಲಿ ಎಂಬ ಮಾಂಸ-ಕಾಳಿನ ಖಾರದ ಸಾರು, ಜೊತೆಗೆ ದಾಲ್ಚಿನ್ನಿ ರೋಲ್. ಡ್ವೇನ್ ರೋಲನ್ನು ಚಿಲಿಯಲ್ಲಿ ಅದ್ದುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಲೋ ವೆಂಡೆಲ್. ನೀನು ಎಸೆಯೋದು ಎಲ್ಲಿಗೆ?"

"ನಿನ್ನ ಗ್ಲೌಸಿಗೆ."

"ಗ್ಲೌಸ್ ನಟ್ಟನಡುವೆ ಹಿಡಿಯೋ ಗೂಬೆ ಯಾರು?"

"ನೀನು."

"ಅಂದ್ರೆ ತಪ್ಪು ಯಾರ್ದು? ಏಳು ತಿಂಗಳಿಂದ ನೀನು ಅಳ್ತಿದೀಯ, ನಾನು ಸಮಾಧಾನ ಮಾಡ್ತಿದೀನಿ, ಇಬ್ರೂ ದಡ್ಡರು! ನಾನು ಜಾಗ ಬಿಟ್ಟು ಕೂತ್ಕೋತೀನಿ ಕಣೋ. ಅಂಚಿಗೆ, ಮೊಣಕಾಲಿಗೆ, ಕಂಕುಳಿಗೆ. ನೀನು ಗ್ಲೌಸ್ ನೋಡು, ಎಸಿ. ಬ್ಯಾಟುಗಾರ ಅನ್ನೋನು ಇದಾನೆ ಅಂತಾನೇ ಮರ್ತುಬಿಡು."

ಇನ್ನೊಂದನ್ನೂ ಸೇರಿಸಿದ. ಪ್ರತಿ ಇನಿಂಗ್ಸಿಗೆ ಮುಂಚೆ ಕೈ ಬಿಸಿ ಮಾಡಿಕೊಳ್ಳುವಾಗ ಒಂದು ಚೆಂಡನ್ನು ಅವನ ತಲೆಯ ಮೇಲಿಂದ ಹಿಂದಿನ ಬಲೆಗೆ ಬೀಸಬೇಕಂತೆ, ಹುಚ್ಚನ ಹಾಗೆ.

"ಅದು ಮೋಸ ಅಲ್ವಾ?"

"ಮೋಸ ಅಲ್ಲ. ಹಳೇ ನೆನಪು ಮಾಡಿಸೋದು."

ಮಾರ್ಚ್ 16, 2013

ಬೀಸಿದೆ. ಬಲೆಗೆ ಬಡಿದ ಸದ್ದಿಗೆ ಬಾಬಿಯ ಪಕ್ಕದಲ್ಲಿದ್ದ ಪಾದ್ರಿಯವರು ಕಾಫಿಯನ್ನೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡರು. ಬಾಬಿ ತಲೆಯೆತ್ತಲಿಲ್ಲ, ಕೊಲಾಚ್ ತಿನ್ನುತ್ತಲೇ ಇದ್ದಳು. ಮೊದಲ ಬ್ಯಾಟುಗಾರ ತನ್ನ ಕೋಚ್ ಕಡೆ ತಿರುಗಿ ನೋಡಿದ, ನಾನು ಯಾಕೆ ಹೋಗಬೇಕು ಎನ್ನುವ ಹಾಗೆ.

ಗೆದ್ದೆವು. ಒಂದೇ ಒಂದು ರನ್ ಕೊಟ್ಟೆ, ಅದೂ ಡ್ವೇನ್ ಸೀನಿದ್ದರಿಂದ.

ಏಪ್ರಿಲ್ 28

ಸೋಲೇ ಇಲ್ಲ! ಬರೆಯಲು ಪುರಸೊತ್ತಿಲ್ಲ. ಎಲ್ಲಿ ಹೋದರೂ ಜನ ಮಾತಾಡಿಸುತ್ತಾರೆ. ಬಾಬಿ ಕಾರನ್ನು ಮತ್ತೆ ಪಾರ್ಕಿಂಗ್‌ಗೆ ತಂದಿದ್ದಾಳೆ.

ಮೇ 18, 2013

ಸೀಸನ್ ಮುಗಿದ ಊಟ. ಡ್ವೇನ್‌ಗೆ ಬೀಳ್ಕೊಡುಗೆ. ಕೋಚ್ ಎದ್ದು ನಿಂತು, "ಈ ವರ್ಷ ಗೆದ್ದದ್ದು ಕುಚೆರಾನ ತೋಳು, ಪಾಸ್ಪಿಶಿಲ್‌ನ ತಲೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ದಾರಿಯಲ್ಲಿ ಬಾಬಿಯನ್ನು ಕೇಳಿದೆ. "ಹಾಗಾದ್ರೆ ನನ್ನ ತಲೆ ಯಾತಕ್ಕಿದೆ?"

"ಟೋಪಿ ನಿಲ್ಲಕ್ಕೆ" ಅಂದಳು. ಸ್ವಲ್ಪ ದೂರ ಹೋದ ಮೇಲೆ, ಸ್ಟೀರಿಂಗ್ ಮೇಲಿನ ಕೈ ತೆಗೆದು ನನ್ನ ಕತ್ತು ಸವರಿದಳು. ಕಾರು ಚರಂಡಿಯ ಕಡೆಗೆ ಹೋಯಿತು.

ಫೆಬ್ರವರಿ 22, 2014

ಕೊನೆಯ ವರ್ಷ. ಡ್ವೇನ್ ಅವನ ಮಾವನ ಜೋಳದ ಗೋದಾಮಿನಲ್ಲಿ ಲಾರಿ ತೂಗುತ್ತಾನೆ. ಹೊಸ ಕ್ಯಾಚರ್ ಆನ್ಸೆಲ್, ಮೊದಲ ವರ್ಷದವನು, ಎಳಸು. ನನ್ನನ್ನು ಸರ್ ಅನ್ನುತ್ತಾನೆ. ಸರ್ ಅನ್ನಬೇಡ ಅಂದೆ. "ಆಯ್ತು ಸರ್" ಅಂದ.

ಗ್ಲೌಸನ್ನು ನಟ್ಟನಡುವೆ ಹಿಡಿಯುತ್ತಾನೆ. ಅಂಚಿಗೆ ಹಿಡಿ ಅಂದರೆ ಅಂಚು ಯಾವ ಕಡೆ ಎಂದು ಕೇಳುತ್ತಾನೆ. ಉತ್ತರ ನನಗೂ ಗೊತ್ತಿಲ್ಲ! ಅದನ್ನೆಲ್ಲ ಡ್ವೇನ್ ನೋಡಿಕೊಳ್ಳುತ್ತಿದ್ದ.

ಮಾರ್ಚ್ 15

ಮೂರನೇ ಸೋಲು. ಬಲೆಗೆ ಬೀಸುವ ಆಟ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಇವತ್ತು ಬೀಸಿದಾಗ ಎದುರು ತಂಡದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮಾರ್ಚ್ 19

ಗೋದಾಮಿಗೆ ಹೋಗಿದ್ದೆ. ಡ್ವೇನ್‌ನ ರೆಪ್ಪೆಯ ಮೇಲೂ ಜೋಳದ ಧೂಳು.

"ನಿನ್ನ ಗುಟ್ಟು ಹೇಳೋ. ಎಲ್ಲಿ ಕೂರ್ಬೇಕು ಅಂತ ಹೆಂಗೆ ಗೊತ್ತಾಗ್ತಿತ್ತು?"

"ಗುಟ್ಟೇನಿಲ್ಲ. ಅವ್ರ ಕಾಲು ನೋಡ್ತಿದ್ದೆ. ಹೆದ್ರಿರೋನ ಹಿಮ್ಮಡಿ ಹಿಂದಕ್ಕೆ ಎಳೆಯುತ್ತೆ. ಹೊಡೆಯೋ ಆಸೆ ಇರೋನು ಮುಂಗಾಲ ಮೇಲೆ ನಿಂತಿರ್ತಾನೆ. ಯಾಕೆ, ನೀನು ಏನು ನೋಡ್ತಿದ್ದೆ?"

"ಗ್ಲೌಸ್."

"ಬರೀ ಗ್ಲೌಸ್?"

"ಬ್ಯಾಟುಗಾರ ಅನ್ನೋನನ್ನ ಮರ್ತುಬಿಡು ಅಂದಿದ್ದೆಯಲ್ಲ."

ಡ್ವೇನ್ ತೂಕದ ಚೀಟಿ ಕೆಳಗಿಟ್ಟ. "ಲೋ, ಅದು ಒಂದು ಸೀಸನ್ನಿಗೆ ಹೇಳಿದ್ದು ಕಣೋ!" ಹಿಂದೆ ಲಾರಿಯವನು ಹಾರ್ನ್ ಬಾರಿಸುತ್ತಲೇ ಇದ್ದ.

ಏಪ್ರಿಲ್ 5

ಮೊದಲ ಸಲ ಬ್ಯಾಟುಗಾರರನ್ನು ನೋಡುತ್ತಿದ್ದೇನೆ. ಮನುಷ್ಯರು! ಒಬ್ಬನ ಗಲ್ಲದ ಮೇಲೆ ಮೊಡವೆ. ಇನ್ನೊಬ್ಬ ತುಟಿಯಲ್ಲೇ ಜಪ ಮಾಡುತ್ತಾನೆ. ಒಬ್ಬನ ಶೂ ದಾರ ಬಿಚ್ಚಿತ್ತು, ತಡೆಯಲಾರದೆ ಹೇಳಿಬಿಟ್ಟೆ. ಕಟ್ಟಿಕೊಂಡು ಎದ್ದವನು ಬೇಲಿ ದಾಟಿಸಿದ. "ಇನ್ನೊಂದ್ಸಲ ಅವ್ರಿಗೆ ಸಹಾಯ ಮಾಡಿದ್ರೆ ನಿನ್ನ ಅವರ ಬಸ್ಸಲ್ಲೇ ಕಳಿಸ್ತೀನಿ" ಅಂದರು ಕೋಚ್.

ಏಪ್ರಿಲ್ 26

ಒಂದು ಗೆಲುವು, ಒಂದು ಸೋಲು, ಒಂದು ಗೆಲುವು. ಹೋದ ವರ್ಷದ ಹತ್ತಿರಕ್ಕೂ ಇಲ್ಲ. ಪತ್ರಿಕೆಯವನು ಮುಖ ತಿರುಗಿಸುತ್ತಾನೆ. ಆದರೂ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಆನ್ಸೆಲ್‌ಗೂ ಕಾಲು ನೋಡುವುದನ್ನು ಹೇಳಿಕೊಟ್ಟೆ. ಈಗ ಯಾರೇ ಬರಲಿ, ಗ್ಲೌಸನ್ನು ಹೊರಗಿನ ಅಂಚಿನಲ್ಲೇ ಹಿಡಿಯುತ್ತಾನೆ. ಅದೇ ಕ್ಷೇಮವಂತೆ.

ಮೇ 10, 2014. ಸಂಜೆ

ಬೇಗ ಬರೆಯಬೇಕು, ಕೈಗೆ ಬಾವು ಬರುತ್ತಿದೆ.

ಕೊನೆಯ ಪಂದ್ಯ. ಕೊನೆಯ ಇನಿಂಗ್ಸ್. ನಾವು ಒಂದೇ ರನ್ ಮುಂದೆ. ಅವರ ಇಬ್ಬರು ಔಟ್, ಇನ್ನೊಬ್ಬ ಹೋದರೆ ಗೆದ್ದೆವು, ಮೂರೂ ಬೇಸಿನಲ್ಲಿ ಅವರವರೇ ನಿಂತಿದ್ದಾರೆ. ಕೋಚ್ ನಾನು ನಿಂತು ಎಸೆಯುವ ದಿಬ್ಬಕ್ಕೆ ಬಂದರು. "ಕೈ ಹೇಗಿದೆ?"

"ನೋಯ್ತಿದೆ ಕೋಚ್."

"ತೆಗೀಲಾ?"

"ಬೇಡ."

ಇಷ್ಟು ವರ್ಷದಲ್ಲಿ ಕೋಚ್‌ಗೆ ಬೇಡ ಅಂದದ್ದು ಇದೇ ಮೊದಲು. ಅವರಿಗೂ ವಿಚಿತ್ರವೆನಿಸಿರಬೇಕು, ಬಂದ ದಾರಿಯಲ್ಲೇ ವಾಪಸು ಹೋದರು.

ಬ್ಯಾಟುಗಾರ ಕೆಂಪುಗೂದಲಿನ ಹುಡುಗ. ಎರಡು ಸ್ಟ್ರೈಕ್, ಮೂರು ಎಸೆತ ಆಚೆ. ಇನ್ನೊಂದು ಆಚೆ ಹೋದರೆ ಅವನು ನಡೆಯುತ್ತಾನೆ, ಮುಂದಿನವರೆಲ್ಲ ಒಂದೊಂದು ಬೇಸು ಸರಿದು ಸ್ಕೋರು ಸಮ. ಆನ್ಸೆಲ್ ಎಂದಿನಂತೆ ಹೊರ ಅಂಚಿಗೆ ಗ್ಲೌಸ್ ಹಿಡಿದ. ಹುಡುಗನ ಕಾಲು ನೋಡಿದೆ. ಹಿಮ್ಮಡಿ ಹಿಂದೆ. ಮೈಯೆಲ್ಲ ಹಿಂದೆ. ನಾನು ಎಲ್ಲಿ ಬೇಕಾದರೂ ಎಸೆಯುವವನು, ನಡುವೆ ಮಾತ್ರ ಎಸೆಯುವವನಲ್ಲ ಎಂದು ಅವನಿಗೆ ಯಾರೋ ಹೇಳಿಕೊಟ್ಟಿರಬೇಕು.

ಬೇಡ ಎಂದು ತಲೆಯಾಡಿಸಿದೆ. ಆನ್ಸೆಲ್‌ಗೆ ಅರ್ಥವಾಗಲಿಲ್ಲ. ಅವನೂ ತಲೆಯಾಡಿಸಿದ, ಮರ್ಯಾದೆಗೆ.

ಆದದ್ದಾಗಲಿ. ಗ್ಲೌಸ್ ಅಲ್ಲಿರಲಿ, ನಟ್ಟನಡುವೆ ಎಸೆದೆ.

ಹುಡುಗ ಕಂಬದ ಹಾಗೆ ನಿಂತ. "ಸ್ಟ್ರೈಕ್!" ಮೂರನೇ ಸ್ಟ್ರೈಕ್, ಅವನು ಔಟ್, ಆಟ ಮುಗಿಯಬೇಕಿತ್ತು. ಆದರೆ ಚೆಂಡು ಆನ್ಸೆಲ್‌ನ ಎದೆಗೆ ಬಡಿದು ನೆಲಕ್ಕೆ ಬಿತ್ತು! ಕ್ಯಾಚರ್ ಹಿಡಿಯದಿದ್ದರೆ ಬ್ಯಾಟುಗಾರ ಓಡಬಹುದು. ಓಡಿದ. ಬೇಸಿನಲ್ಲಿದ್ದ ಮೂವರೂ ಓಡಿದರು. ಆನ್ಸೆಲ್ ಚೆಂಡೆತ್ತಿ ಮಗುವಿನ ಹಾಗೆ ಅಪ್ಪಿಕೊಂಡು ನಿಂತ. ಕಾಲ ಬಳಿಯೇ ಇರುವ ಪ್ಲೇಟನ್ನು, ಓಡಿಬರುವವನು ಮುಟ್ಟಬೇಕಾದ ಬಿಳಿ ಹಲಗೆಯನ್ನು, ಚೆಂಡು ಹಿಡಿದು ಮೊದಲೇ ತುಳಿದರೆ ಸಾಕು, ಆಟ ಮುಗಿಯಿತು.

"ಪ್ಲೇಟ್ ತುಳಿಯೋ ಬಡ್ಡೀಮಗನೇ!" ಪಂದ್ಯ ನೋಡಲು ಬಂದಿದ್ದ ಡ್ವೇನ್ ಮುಂದಿನ ಸಾಲಿನಿಂದ ಕಿರುಚಿದ. ಪಕ್ಕದಲ್ಲಿ ಬಾಬಿ ಚೆಕ್‌ನಲ್ಲಿ ಇನ್ನೂ ಕೆಟ್ಟದಾಗಿ ಅದನ್ನೇ ಹೇಳಿದಳು. ಆನ್ಸೆಲ್ ಗಾಬರಿಯಿಂದ ಹಿಂದೆ ಸರಿದ, ಕಾಲು ತೊಡರಿ ಪ್ಲೇಟಿನ ಮೇಲೆ ಕುಂಡಿಯೂರಿ ಬಿದ್ದ. ಚೆಂಡು ಎದೆಯಲ್ಲೇ ಇತ್ತು.

ಅಂಪೈರ್ ಬಗ್ಗಿ ನೋಡಿ, ಯೋಚಿಸಿ, ಕೈ ಎತ್ತಿದ. ಔಟ್. ಕಾಲಾದರೇನು, ಅದಾದರೇನು.

ಆನ್ಸೆಲ್ ಅಳುತ್ತಾ ಬಂದ. "ನೀವು ನನ್ನ ಗ್ಲೌಸಿಗೆ ಎಸೀಲಿಲ್ಲ ಸರ್!"

"ಹೌದು" ಅಂದೆ. ಎಷ್ಟು ಖುಷಿಯಾಯಿತು ಆ ಮಾತು ಹೇಳಲು!

ಮೇ 11. ಭಾನುವಾರ, ಮಧ್ಯಾಹ್ನ

ಬಲಗೈ ಎತ್ತಲಾಗುತ್ತಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದೆ. ನಾಲ್ಕು ಸೀಸನ್ ಮುಗಿದವು. ಇನ್ನು ಮಣ್ಣು ವಿಜ್ಞಾನ, ಕೆಲಸ, ಮನುಷ್ಯರ ಹಾಗೆ ಬದುಕು. ಇದನ್ನೆಲ್ಲ ನಿಧಾನವಾಗಿ ಕೂತು ಯೋಚಿಸಬೇಕು ಎಂದು ಹೊರಟರೆ —

ಡ್ವೇನ್ ಪಿಕಪ್ ತಂದು ನಿಲ್ಲಿಸಿದ್ದಾನೆ. ಅವನ ಗೋದಾಮಿನವರ ತಂಡಕ್ಕೂ ಪಕ್ಕದೂರಿಗೂ ಮೂರು ಗಂಟೆಗೆ ಪಂದ್ಯವಂತೆ, ಪಿಚರ್ ಮದುವೆಗೆ ಹೋಗಿದ್ದಾನಂತೆ. ಕೈಯೇ ಏಳುತ್ತಿಲ್ಲ ಮಾರಾಯ ಎಂದು ಕಿಟಕಿಯಿಂದ ಕೂಗಿದೆ. "ಎಸೀಬೇಡ್ವೋ! ಸುಮ್ನೆ ದಿಬ್ಬದ ಮೇಲೆ ನಿಂತ್ಕೋ, ಅವ್ರೇ ಹೆದರ್ಕೋತಾರೆ!"

ಆಗುವುದಿಲ್ಲ ಅಂದೆ. ಖಡಾಖಂಡಿತವಾಗಿ ಅಂದೆ. ಬಾಬಿ ಆಗಲೇ ಕುಶನ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿದೆ, ಹಾರ್ನ್ ಅವಳೇ ಒತ್ತುತ್ತಿದ್ದಾಳೆ. ಸರಿ, ನೋಡಲು ಹೋಗುತ್ತೇನೆ. ಬರೀ ನೋಡಲು. ಶೂ ಮಾತ್ರ ಜೊತೆಗಿರಲಿ. ಎಡಗೈಯಲ್ಲಿ ಹೇಗಾದರೂ ಒಂದೆರಡು ಎಸೆದರೆ —