ಕಿತ್ತ ಜಿಪ್ಪು

ಜೂನ್ ೧೨, ಗುರುವಾರ

ನಾನೂ ಚಪ್ಪಾಳೆ ತಟ್ಟಿದೆನಲ್ಲ, ಅದೇ ತಲೆ ಕೊರೆಯುತ್ತಿದೆ.

ಸುವಾರ್ತೆ ಸಾರಲು ಹೋಗುವವರಿಗೆ ಇವತ್ತು ಚರ್ಚಿನಲ್ಲಿ ತರಬೇತಿ ಇತ್ತು. ಪಾಸ್ಟರ್ ಹೇಳಿಕೊಟ್ಟರು: "ದುಃಖದಲ್ಲಿರೋರ ಮನೆಗೆ ಹೋದ ತಕ್ಷಣ ಯೇಸು ಹೆಸರು ಎತ್ತಬೇಡಿ. ಏನೂ ಕೊಡಲೂಬೇಡಿ. ಅವರ ಹತ್ರಾನೇ ಒಂದು ಸಣ್ಣ ಸಹಾಯ ಕೇಳಿ. ಸಹಾಯ ಮಾಡಿದೋರು ಆಮೇಲೆ ಬಾಗಿಲು ಹಾಕಲ್ಲ."

ಆಗ ಮೆಡಿಕಲ್ ಶಾಪಿನ ಅಕ್ಕ ನಗುತ್ತಾ ಎದ್ದು ನನ್ನ ಕಡೆ ಕೈ ತೋರಿಸಿದಳು. "ಇವಳ ಗಂಡ ತೀರಿಕೊಂಡಾಗ ನಾನು ಬೇಕಂತಲೇ ನನ್ನ ಬ್ಯಾಗಿನ ಜಿಪ್ಪು ಕಿತ್ಕೊಂಡು ಹೋಗಿದ್ದೆ, ಹೊಲಿದುಕೊಡು ಅಂತ." ಎಲ್ಲರೂ ಚಪ್ಪಾಳೆ ಹೊಡೆದರು.

ನಮ್ಮವರು ಹೋದ ಮೇಲೆ ನಾನು ಹೊಲಿಗೆ ಯಂತ್ರದ ಮುಸುಕು ತೆಗೆದದ್ದೇ ಆ ಜಿಪ್ಪಿಗಾಗಿ. ಇವಳೊಬ್ಬಳಿಗಾದರೂ ನಾನು ಬೇಕಲ್ಲ ಎಂದು ಅವತ್ತು ಎಷ್ಟು ಅತ್ತಿದ್ದೆ! ಅಕ್ಕ ಕೆಟ್ಟವಳೇನಲ್ಲ. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ನಿದ್ದೆಗೆಟ್ಟವಳೂ ಅವಳೇ. ಜಗಳ ಆಡೋಣವೆಂದರೆ ನನಗಿರುವುದು ಅವಳೊಬ್ಬಳೇ. ದೇವರಿಗೆ ದೂರು ಹೇಳೋಣವೆಂದರೆ ಆ ದೇವರನ್ನು ಕೊಟ್ಟವಳೂ ಅವಳೇ.

ಹೊರಡುವಾಗ ಕಿವಿಯಲ್ಲಿ ಹೇಳಿದಳು: "ನಿಮ್ಮ ಕೆಳಗಿನ ಮನೆಯವಳ ಮಗು ಆಸ್ಪತ್ರೇಲಿದೆಯಂತೆ. ನಾಳೆ ನೀನೇ ಹೋಗು. ಏನಾದ್ರೂ ಕೇಳು." ಹೂಂ ಅಂದುಬಿಟ್ಟೆ.

ಮನೆಗೆ ಬಂದು ಸ್ವಿಚ್ ಹಾಕಿದರೆ ಬಲ್ಬು ಸುಟ್ಟುಹೋಗಿತ್ತು. ಹೊಸ ಬಲ್ಬೇನೋ ಇದೆ, ಕೈಗೆಟುಕುವುದಿಲ್ಲ. ಏಣಿ ಇರುವುದು ಕೆಳಗಿನ ಮನೆಯಲ್ಲಿ. ಮೆಟ್ಟಿಲವರೆಗೆ ಹೋಗಿ ಹೋಗಿ ವಾಪಸ್ ಬಂದೆ. ಮೊಬೈಲಿನ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಬರೀ ಏಣಿಗಾಗಿ ಬಂದೆ ಎಂದರೆ ಅವಳು ನಂಬಿಯಾಳು. ನಾನು ನಂಬಬೇಕಲ್ಲ.